ಬಿಳಿಯೂ ಬೀಳುವುದೂ

ಶಾಲೆಗೆ ಹೋಗುವ ಮಗುವೊಂದು ನಿಮ್ಮ ಮನೆಯಲ್ಲಿದ್ದರೆ ಶನಿವಾರದ ಬಿಳಿ ಬಟ್ಟೆಯ ಸಂಕಟವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ವಾರದ ಉಳಿದ ದಿನಗಳಲ್ಲಿ ಬೂದು, ನೀಲಿ, ಚೌಕಳಿಗಳ ಮರೆಯಲ್ಲಿ ಸಾರಿನ ಹನಿಯನ್ನೋ ಶಾಯಿಯ ಬೊಟ್ಟನ್ನೋ ಅಡಗಿಸಿಕೊಂಡು ಹೇಗೋ ಮಾನ ಉಳಿಸಿಕೊಳ್ಳುವ ಮಕ್ಕಳಿಗೆ, ಆಟದ ಪಿರಿಯಡ್ಡು ಇರುವ ಶನಿವಾರವನ್ನೇ ಹುಡುಕಿ, ಕೊರಳಿನಿಂದ ಹಿಡಿದು ಕಾಲಿನ ಕ್ಯಾನ್ವಾಸ್ ಶೂವಿನವರೆಗೆ ಬಿಳಿ ತೊಡಿಸಿ ಮೈದಾನಕ್ಕೆ ಬಿಡಬೇಕೆಂದು ಯಾವ ಪುಣ್ಯಾತ್ಮರು ತೀರ್ಮಾನಿಸಿದರೋ ಗೊತ್ತಿಲ್ಲ. ಅವರ ಮನೆಯ ಬಟ್ಟೆಯನ್ನು ಬೇರೆ ಯಾರೋ ಒಗೆಯುತ್ತಿದ್ದರು ಎನ್ನುವುದಂತೂ ಖಚಿತ. ನಮ್ಮ ಕನ್ನಡವಾದರೂ ಕಡಿಮೆ ಚೇಷ್ಟೆಯದಲ್ಲ. ಮಗು ಕಲಿತು ಬಂದದ್ದೂ ಕಲೆ, ಅಂಗಿಗೆ ಅಂಟಿಸಿಕೊಂಡು ಬಂದದ್ದೂ ಕಲೆ. ಬಟ್ಟೆ ಬಿಳಿ, ಸ್ವರ ಒಂದಿಷ್ಟು ಆಚೀಚೆಯಾದರೆ ಸಾಕು, ಅದೇ ಬೀಳು.

ನನ್ನ ಮಗಳು ಚೈತ್ರಾಳಿಗೆ ಬೀಳುವುದೇ ಒಂದು ವಿದ್ಯೆ. ಏಳನೆಯ ತರಗತಿಯ ಈ ಹುಡುಗಿ ಶಾಲೆಯ ಖೋಖೋ ತಂಡದಲ್ಲಿ ಆಡುತ್ತಾಳೆ. ಎದುರಾಳಿ ಕೈಗೆಟುಕುವಷ್ಟು ದೂರದಲ್ಲಿದ್ದರೆ ಅವಳು ಓಡಿ ಹಿಡಿಯುವುದಿಲ್ಲ. ಮೀನುಹಕ್ಕಿ ಕೆರೆಗೆ ಎರಗುವ ಹಾಗೆ, ತೋಳು ಚಾಚಿ, ಎದೆಯ ಮೇಲೆ ನೆಲಕ್ಕೆ ಜಾರಿ, ಬೆರಳ ತುದಿಯಿಂದ ಮುಟ್ಟಿಬಿಡುತ್ತಾಳೆ. ಡೈವ್ ಎನ್ನುತ್ತಾರೆ ಅದಕ್ಕೆ. ಮೈದಾನದಲ್ಲಿ ಚಪ್ಪಾಳೆ, ಮನೆಯಲ್ಲಿ ನನಗೆ ಎದೆಯಿಂದ ಮೊಣಕಾಲಿನವರೆಗೆ ಕೆಮ್ಮಣ್ಣು ಮೆತ್ತಿದ ಟೀ ಶರ್ಟು, ಪ್ಯಾಂಟು. ಮಗುವಿನ ಕಾಲರು ನೋಡಿ ಮನೆಯನ್ನೇ ಅಳೆದುಬಿಡುವ ಕಣ್ಣುಗಳು ಶಾಲೆಯ ಗೇಟಿನ ಬಳಿ ಎಷ್ಟಿರುತ್ತವೆಂದು ನಿಮಗೆ ಗೊತ್ತು. ಹಾಗಾಗಿ ಸೋಮವಾರದಿಂದ ಶುಕ್ರವಾರದವರೆಗೆ ನಮ್ಮ ಮನೆಯಲ್ಲಿ ನಡೆಯುತ್ತಿದ್ದದ್ದೆಲ್ಲ ಒಂದರ್ಥದಲ್ಲಿ ಶನಿವಾರದ ಸಿದ್ಧತೆಯೇ.

ನಾವಿರುವುದು ಪೀಣ್ಯದ ಒಂದು ಬೀದಿಯಲ್ಲಿ. ಬೀದಿಯ ಈಚೆ ಬದಿಗೆ ಮನೆಗಳು, ಆಚೆ ಬದಿಗೆ ಲೇತ್ ಯಂತ್ರಗಳ ಸಣ್ಣ ಸಣ್ಣ ಶೆಡ್ಡುಗಳು. ಗಾಳಿ ಬೀಸಿತೆಂದರೆ ಒಣಹಾಕಿದ ಬಟ್ಟೆಯ ಮೇಲೆ ಎಲ್ಲಿಂದಲೋ ಕರಿಯ ಪುಡಿ ಬಂದು ಕೂರುತ್ತದೆ. ಬೋರ್‌ವೆಲ್ ನೀರಿನಲ್ಲಿ ಒಗೆದ ಬಿಳುಪು ಕೆಲವೇ ವಾರಗಳಲ್ಲಿ ಹಳೆಯ ಹಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಕಾವೇರಿ ನೀರು ಬರುವ ದಿನವೇ ಬಿಳಿ ಬಟ್ಟೆ ಒಗೆದು, ಶೆಡ್ಡುಗಳ ಶಟರ್ ಏಳುವ ಮೊದಲೇ ಒಣಗಿಸಿ ಒಳಗೆ ತಂದುಕೊಳ್ಳುವುದು ನಮ್ಮ ಕಡೆಯ ಗೃಹಿಣಿಯರ ಗುಟ್ಟಿನ ಪಂಚಾಂಗ. ಮನೆಯಲ್ಲಿ ವಾಷಿಂಗ್ ಮೆಷಿನ್ ಇಲ್ಲವೆಂದಲ್ಲ. ಆದರೆ ಅದು ಬೆವರನ್ನು ತೆಗೆಯುತ್ತದೆಯೇ ಹೊರತು ಖೋಖೋವನ್ನು ತೆಗೆಯುವುದಿಲ್ಲ. ಕೆಮ್ಮಣ್ಣಿಗೆ ಕಲ್ಲು ಬೇಕು, ಬ್ರಷ್ಷು ಬೇಕು, ಮನುಷ್ಯರ ಕೈ ಬೇಕು.

ಆ ಕೈಯೇ ಕಳೆದ ಮಳೆಗಾಲದ ಆರಂಭದಲ್ಲಿ ಮುರಿಯಿತು. ಬಟ್ಟೆಯ ಬಕೆಟ್ಟು ಹಿಡಿದು ತಾರಸಿಗೆ ಹತ್ತುವಾಗ ಒದ್ದೆ ಮೆಟ್ಟಿಲ ಮೇಲೆ ಕಾಲು ಜಾರಿ ನನ್ನ ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್ ಬಿತ್ತು. ಕಾರ್ಖಾನೆಯಲ್ಲಿ ಮೇಲ್ವಿಚಾರಕರಾಗಿರುವ ನನ್ನ ಗಂಡ, ಕತ್ತಲಿರುವಾಗಲೇ ಡ್ಯೂಟಿಗೆ ಹೊರಡುವವರು, ಒಂದು ಭಾನುವಾರ ಮಹದುತ್ಸಾಹದಿಂದ ಮಗಳ ಬಿಳಿ ಬಟ್ಟೆಯನ್ನು ಹೊಸದೊಂದು ಕೆಂಪು ಟವೆಲ್ಲಿನ ಜೊತೆ ಮೆಷಿನ್ನಿಗೆ ಹಾಕಿದರು. ಹೊರಗೆ ಬಂದದ್ದು ದಾಸವಾಳದ ತಿಳಿ ಗುಲಾಬಿ. ಹೊಸ ಜೊತೆ ತಂದದ್ದಾಯಿತು, ಅವರನ್ನು ಆ ಹುದ್ದೆಯಿಂದ ಬಿಡುಗಡೆ ಮಾಡಿದ್ದೂ ಆಯಿತು.

ಆಗ ಎದ್ದು ನಿಂತವರು ನನ್ನ ಮಾವ.

ಮಾವನ ವಿಷಯ ಹೇಳಲೇಬೇಕು. ಸರಕಾರಿ ಸ್ವಾಮ್ಯದ ಒಂದು ದೊಡ್ಡ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ದುಡಿಯುವ ಕಾಲದಲ್ಲಿ ಎಣ್ಣೆ, ಗ್ರೀಸುಗಳಲ್ಲೇ ಮುಳುಗಿದ್ದಕ್ಕೋ ಏನೋ, ನಿವೃತ್ತಿಯಾದಂದಿನಿಂದ ಅಚ್ಚ ಬಿಳಿಯ ಪಂಚೆ, ಬಿಳಿಯ ಅಂಗಿ ಬಿಟ್ಟು ಬೇರೆ ಉಟ್ಟವರಲ್ಲ. ಪಾರ್ಕಿನ ಬೆಂಚಿಗೂ ಕರವಸ್ತ್ರ ಹಾಸಿಯೇ ಕೂರುವವರು. ಆದರೆ ಆ ಬಿಳುಪನ್ನು ತಾವೇ ಒಗೆದು ಗೊತ್ತಿರಲಿಲ್ಲ. ಅತ್ತೆ ಇರುವವರೆಗೆ ಅತ್ತೆ ಒಗೆದರು. ಅವರು ಹೋದ ಮೇಲೆ ಲಾಂಡ್ರಿಯವರು.

“ನಾನು ಒಗೀತೀನಿ ಬಿಡಮ್ಮ ಶೈಲಾ,” ಎಂದರು ಒಂದು ಬೆಳಿಗ್ಗೆ. “ಲೋಹದ ತುಕ್ಕೇ ತೆಗ್ದಿದೀನಿ, ಬಟ್ಟೆ ಮಣ್ಣು ಯಾವ ಲೆಕ್ಕ?”

ಮೊದಲ ದಿನವೇ ಲೆಕ್ಕ ತಪ್ಪಿತು. ತಾರಸಿಯ ಒಗೆಯುವ ಕಲ್ಲಿನ ಮೇಲೆ ಹಸಿ ಮಣ್ಣಿನ ಟೀ ಶರ್ಟನ್ನು ಹರಡಿ ಅರ ಹಿಡಿದವರ ಹಾಗೆ ಉಜ್ಜತೊಡಗಿದರು. ಪಕ್ಕದಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದ ಗೌರಮ್ಮನವರಿಗೆ ತಡೆಯಲಾಗಲಿಲ್ಲ. ಗೌರಮ್ಮ ನಮ್ಮ ಮನೆಯ ಓನರ್. ಈಗ ಬೀದಿ ಇರುವ ಜಾಗದಲ್ಲಿ ಹಿಂದೆ ಅವರದೇ ರಾಗಿ ಹೊಲವಿತ್ತು. ಮಣ್ಣಿನ ವಿಷಯದಲ್ಲಿ ಅವರ ಮಾತಿಗೆ ಎದುರಿಲ್ಲ.

“ಅಂಗಲ್ಲ ಯಜಮಾನ್ರೇ! ಅಸಿ ಮಣ್ಣು ಉಜ್ಜುದ್ರೆ ನೂಲಿನೊಳೀಕೆ ಓಯ್ತದೆ. ಒಣಗಾಕೆ ಬುಡಿ. ಒಣಗಿದ್ಮ್ಯಾಕೆ ಕೊಡವಿ, ತಣ್ಣೀರಾಗೆ ನೆನ್ಸಿ, ಆಮೇಲೆ ಸೋಪು ಮುಟ್ಸಿ.”

ಮಾವ ಕೈ ನಿಲ್ಲಿಸಿ, ಕನ್ನಡಕ ಸರಿಮಾಡಿಕೊಂಡು, ಹೊಸದಾಗಿ ಕೆಲಸಕ್ಕೆ ಸೇರಿದವನ ವಿನಯದಿಂದ ಕೇಳಿದರು: “ಬಿಸಿನೀರು ಆಗಲ್ವಾ?”

“ಬಿಸ್ನೀರ್ ಉಯ್ದ್ರೆ ಕಲೆ ಅಲ್ಲೇ ಮನೆ ಕಟ್ಕತದೆ. ಬಾಡ್ಗೆನೂ ಕೊಡಾಕಿಲ್ಲ, ಬುಟ್ಟೂ ಓಗಾಕಿಲ್ಲ.”

ಅಂದಿನಿಂದ ಮಾವನ ಉತ್ಸಾಹ ಏರಿದ ಬಗೆಯನ್ನು ನೀವು ನೋಡಬೇಕಿತ್ತು. ತಂತಿಯ ತುಕ್ಕಿನ ಗೆರೆಗೆ ನಿಂಬೆರಸ ಮತ್ತು ಉಪ್ಪು, ಕಾಲರಿನ ಜಿಡ್ಡಿಗೆ ಪಾತ್ರೆ ತೊಳೆಯುವ ಸೋಪು, ಕೊನೆಯ ನೀರಿಗೆ ನೀಲಿಯ ನಾಲ್ಕೇ ಹನಿ. ಒಂದೊಂದನ್ನೂ ಕಲಿತಂತೆಲ್ಲ ಕೆಳಗೆ ಇಳಿದು ಬಂದು ನನಗೆ ವರದಿ ಒಪ್ಪಿಸುವರು. ಒಗೆದ ಟೀ ಶರ್ಟನ್ನು ಬೆಳಗಿನ ಬಿಸಿಲಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ಪರೀಕ್ಷಿಸುವರು. ಆಚೆ ಮೆಟ್ರೋ ರೈಲು ಸರಿದುಹೋಗುವಾಗ ಅದರ ಕಿಟಕಿಯವರೆಲ್ಲ ತಮ್ಮ ಮೊಮ್ಮಗಳ ಬಿಳುಪನ್ನೇ ನೋಡುತ್ತಿದ್ದಾರೆಂಬ ನಂಬಿಕೆ ಅವರ ಮುಖದಲ್ಲಿ. ಮುರಿದ ಕೈಯವಳಾದ ನಾನು ಮೆಟ್ಟಿಲ ತಲೆಯಲ್ಲಿ ಕೂತು ಅದನ್ನೆಲ್ಲ ನೋಡುತ್ತಿದ್ದೆ. ಒಂದು ದಿನ, ನೊರೆಯಲ್ಲಿ ಮುಳುಗಿದ ತಮ್ಮ ಕೈಗಳನ್ನೇ ನೋಡುತ್ತ ಅವರು ಹೇಳಿದರು: “ನಿಮ್ಮತ್ತೆ ನನ್ನ ಎಣ್ಣೆ ಬಟ್ಟೆ ಅಷ್ಟು ವರ್ಷ ಒಗೆದ್ಲಲ್ಲಮ್ಮ. ಡ್ಯೂಟಿಗೆ ಹೊರಡುವಾಗ ಮಡಿಸಿದ ಬಟ್ಟೆ ಕುರ್ಚಿ ಮೇಲಿರೋದು. ಅದು ಅಲ್ಲಿಗೆ ನಡ್ಕೊಂಡು ಬಂದಿರತ್ತೆ ಅಂದ್ಕೊಂಡಿದ್ದೆ ನೋಡು ನಾನು.” ಮತ್ತೆ ಬ್ರಷ್ಷು ಎತ್ತಿಕೊಂಡರು. ಏಳುವಾಗ ಸೊಂಟಕ್ಕೆ ಕೈ ಕೊಟ್ಟು ಎದ್ದರು. ಆ ಸಂಜೆ ಅವರ ಕೋಣೆಯಿಂದ ನೋವಿನ ಮುಲಾಮಿನ ವಾಸನೆ ಬಂತು. ಕೇಳಿದರೆ, “ವಯಸ್ಸಿಗೆ ಒಂದಿಷ್ಟು ವಾಸನೆ ಇರ್ಬೇಕಮ್ಮ,” ಎಂದು ನಕ್ಕುಬಿಟ್ಟರು.

ಆಮೇಲೆ ಒಂದು ಪವಾಡ ಶುರುವಾಯಿತು. ಚೈತ್ರಾಳ ಶನಿವಾರದ ಬಟ್ಟೆ ಹೋದ ಹಾಗೇ ಮನೆಗೆ ಬರತೊಡಗಿತು. ಮೊದಲ ವಾರ ತುಸು ಧೂಳು, ಮರುವಾರ ಅದೂ ಇಲ್ಲ. ಮೊಣಕಾಲು ಬೆಳ್ಳಗೆ, ಎದೆ ಬೆಳ್ಳಗೆ, ಕೊನೆಗೆ ಶೂವಿನ ತುದಿಯೂ ಬೆಳ್ಳಗೆ. ಮಾವನ ಸಂಭ್ರಮ ಕೇಳಬೇಡಿ.

“ಗಂಜಿ, ಶೈಲಾ, ಗಂಜಿ! ನಾನು ಹಾಕೋ ಗಂಜಿಗೆ ಕೊಳೆ ಅಂಟೋದೇ ಇಲ್ಲ. ಜಾರ್ಬಿಡತ್ತೆ!”

ನಾನೂ ನಂಬಿದೆ, ಅಥವಾ ನಂಬಲು ಇಷ್ಟಪಟ್ಟೆ. ಮಕ್ಕಳಿರುವ ಮನೆಯಲ್ಲಿ ನಿಶ್ಶಬ್ದವಾದರೆ ಓಡಿಹೋಗಿ ನೋಡುವ ನಾವು, ಬಟ್ಟೆ ಶುಭ್ರವಾಗಿದ್ದರೆ ಮಾತ್ರ ಯಾವ ಅನುಮಾನವೂ ಇಲ್ಲದೆ ಹಿಗ್ಗುತ್ತೇವೆ. ಗೌರಮ್ಮ ಹಿಗ್ಗಲಿಲ್ಲ. ತಂತಿಯ ಮೇಲಿನ ಬಟ್ಟೆಯನ್ನು ಬೆರಳಲ್ಲಿ ಹಿಡಿದು ನೋಡಿ, “ಮಗ ಆಡಾಕೆ ಓಯ್ತದೋ ಇಲ್ವೋ?” ಎಂದಷ್ಟೇ ಕೇಳಿ ಇಳಿದುಹೋದರು.

ಉತ್ತರ ಸಿಕ್ಕಿದ್ದು ಶಾಲೆಯ ಗೇಟಿನಲ್ಲಿ. ಪ್ಲಾಸ್ಟರ್ ತೆಗೆಸಿಕೊಂಡು ಬರುವ ದಾರಿಯಲ್ಲಿ ಮಗಳನ್ನು ಕರೆದುಕೊಂಡು ಹೋಗೋಣವೆಂದು ನಿಂತಿದ್ದೆ. ಕೊರಳಲ್ಲಿ ಸೀಟಿ ತೂಗಾಡಿಸಿಕೊಂಡು ಪಿ.ಟಿ. ಟೀಚರ್ ನೇರವಾಗಿ ನನ್ನ ಬಳಿಗೇ ಬಂದರು.

“ಮೇಡಂ, ನಿಮ್ಮ ಮಗಳಿಗೆ ಏನಾಗಿದೆ? ಬೀಳ್ತಾನೇ ಇಲ್ಲ!”

ಮಗು ಬಿದ್ದಿತೆಂಬ ದೂರನ್ನು ಕೇಳಿದ್ದೆನೇ ಹೊರತು ಬೀಳುತ್ತಿಲ್ಲವೆಂಬ ದೂರು ನನಗೆ ಹೊಸತು. ನಗು ಬಂತು. ಅವರು ನಗಲಿಲ್ಲ.

“ನಿಜ ಮೇಡಂ. ಮುಟ್ಟೋಷ್ಟು ಹತ್ರ ಹೋಗಿ ನಿಂತ್ಬಿಡ್ತಾಳೆ. ಪೆಟ್ಟಾಗಿದ್ಯಾ ಅಂತ ಕೇಳಿದ್ರೆ ಇಲ್ಲ ಅಂತಾಳೆ. ಈ ಶನಿವಾರ ಮಾದನಾಯಕನಹಳ್ಳಿ ಹತ್ರ ಮ್ಯಾಚಿದೆ. ಹೀಗೇ ಆಡಿದ್ರೆ ನಾನು ಬೇರೆಯವ್ರನ್ನ ಇಳಿಸ್ಬೇಕಾಗತ್ತೆ. ನೀವೇ ಒಂದ್ಮಾತು ಕೇಳಿ.”

ಮನೆಗೆ ನಡೆಯುವಾಗ ಮೆಟ್ರೋ ಕಂಬಗಳ ನೆರಳು ದಾಟುತ್ತ ದಾಟುತ್ತ ಕೇಳಿದೆ. ಬ್ಯಾಗಿನ ಪಟ್ಟಿಯನ್ನು ಸುತ್ತಿ ಸುತ್ತಿ ಬಿಟ್ಟಳು. ಆಮೇಲೆ ಒಂದೇ ಉಸಿರಿಗೆ ಬಂತು.

“ನಾನು ಬಿದ್ರೆ ತಾತ ಬಗ್ಗಿ ಉಜ್ಬೇಕಲ್ಲಮ್ಮ. ಸೊಂಟ ಹಿಡ್ಕೊಂಡು ಏಳ್ತಾರೆ. ಮುಲಾಮು ಹಚ್ಕೊಳ್ಳೋಕೆ ಬೆನ್ನಿಗೆ ಕೈ ಹೋಗಲ್ಲ, ನಾನೇ ಹಚ್ಚಿದ್ದು. ನಿಂಗೆ ಹೇಳ್ಬೇಡ ಅಂದ್ರು.”

“ಆಟ ಇಷ್ಟ ಇಲ್ವಾ ಈಗ?”

“ತುಂಬಾ ಇಷ್ಟ,” ಎಂದಳು. ಕಣ್ಣು ತುಂಬಿದ್ದವು. “ಆದ್ರೆ ಬೀಳಕ್ ಹೋದಾಗ್ಲೆಲ್ಲ ತಾತ ಕಾಣಿಸ್ತಾರೆ.”

ತುಮಕೂರು ರಸ್ತೆಯ ಲಾರಿಗಳ ಆರ್ಭಟದ ನಡುವೆ ನಿಂತುಬಿಟ್ಟೆ, ಸ್ನೇಹಿತರೇ. ನಾವು ದೊಡ್ಡವರು ನಮ್ಮ ಪ್ರೀತಿಯನ್ನು ಹೇಳಿ, ತೋರಿಸಿ, ಕೆಲವೊಮ್ಮೆ ಹಂಗಿಸಿಯೂ ಮಕ್ಕಳಿಗೆ ಮುಟ್ಟಿಸುತ್ತೇವೆ. ಈ ಹುಡುಗಿಯೋ, ತನಗೆ ಅತ್ಯಂತ ಪ್ರಿಯವಾದದ್ದನ್ನು ವಾರವಾರವೂ ಮೈದಾನದಲ್ಲೇ ಬಿಟ್ಟು, ಬೆಳ್ಳಗಿನ ಮೊಣಕಾಲು ಹೊತ್ತು ಮನೆಗೆ ಬರುತ್ತಿದ್ದಳು. ಆ ಬಿಳುಪನ್ನು ನೋಡಿ ನಾವು ಗಂಜಿಯನ್ನು ಹೊಗಳುತ್ತಿದ್ದೆವು.

ಮಾವನಿಗೆ ಹೇಳುವುದೋ ಬಿಡುವುದೋ ಎಂದು ಆ ರಾತ್ರಿ ತೂಗಿದೆ. ಬೆಳಿಗ್ಗೆ ಅವರು ಅವಳ ಟೀ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದಾಗ ಹೇಳಿಬಿಟ್ಟೆ. ಇಸ್ತ್ರಿಪೆಟ್ಟಿಗೆ ತೋಳಿನ ಮೇಲೆ ನಿಂತಿತು. ಸುಟ್ಟೀತೆಂದು ನಾನೇ ಎತ್ತಿ ಪಕ್ಕಕ್ಕಿಟ್ಟೆ.

“ಅಂದ್ರೆ ಗಂಜಿ ಅಲ್ವಾ,” ಎಂದರು ಮೆಲ್ಲಗೆ.

“ಅಲ್ಲ ಮಾವ.”

ಆಮೇಲೆ ಒಮ್ಮೆಲೇ, ಬಸ್ಸು ತಪ್ಪಿಹೋಗುತ್ತದೆ ಎನ್ನುವವರ ಹಾಗೆ, ಗಡಿಬಿಡಿಯಾಗಿ ಎದ್ದರು. “ಶನಿವಾರ ಮ್ಯಾಚು ಎಷ್ಟು ಹೊತ್ತಿಗೆ? ನಾನೂ ಬರ್ತೀನಿ.”

ಹಿಂದಿನ ದಿನ ಮಳೆ ಬಿದ್ದಿತ್ತು. ಮಾದನಾಯಕನಹಳ್ಳಿಯ ಗೋದಾಮುಗಳನ್ನು ದಾಟಿ, ಬಸ್ಸಿಳಿದು ಆ ಶಾಲೆಯ ಮೈದಾನಕ್ಕೆ ಕಾಲಿಟ್ಟರೆ ನೆಲವೆಲ್ಲ ಕಲಸಿಟ್ಟ ಕುಂಕುಮದ ಹಾಗಿತ್ತು. ಅದರ ನಡುವೆ ಹೊಸ ಸುಣ್ಣದ ಗೆರೆಗಳು, ಎರಡು ತುದಿಗೆ ಎರಡು ಕಂಬ. ಸುತ್ತ ಮಕ್ಕಳ ಕೂಗು ಮುಗಿಲಿಗೆ ಮುಟ್ಟುತ್ತಿತ್ತು. ಮಾವ ಹೊಸದಾಗಿ ಮಡಿಕೆ ಬಿಚ್ಚಿದ ಪಂಚೆಯನ್ನು ಪಾದಕ್ಕಿಂತ ಗೇಣು ಮೇಲೆ ಹಿಡಿದು, ಒಣ ಜಾಗ ಹುಡುಕಿ ಹೆಜ್ಜೆ ಇಡುತ್ತ, ಗೆರೆಯ ಬಳಿ ಬಂದು ನಿಂತರು. ಮೊಮ್ಮಗಳನ್ನು ಕರೆದು ತಲೆ ನೇವರಿಸಿದರು.

“ಕೇಳಿಲ್ಲಿ ಕಂದ. ನನ್ನ ಸೊಂಟಕ್ಕೆ ಏನೂ ಆಗಿಲ್ಲ. ನೀನು ಬೀಳು.”

“ಆಯ್ತು ತಾತ,” ಎಂದಳು. ಹಾಗೆನ್ನುವಾಗ ಅವಳ ಕಣ್ಣು ಹೋದದ್ದು ಅವರು ಸೊಂಟದ ಮೇಲಿಟ್ಟುಕೊಂಡಿದ್ದ ಕೈಯ ಕಡೆಗೇ.

ಮೊದಲು ಎದುರಿನ ಶಾಲೆಯವರು ಬೆನ್ನಟ್ಟಿದರು, ನಮ್ಮವರು ಓಡಿದರು. ಆಮೇಲೆ ಸರದಿ ನಮ್ಮದು. ಎದುರು ತಂಡದಲ್ಲೊಬ್ಬಳು ಎತ್ತರದ ಹುಡುಗಿ, ಎರಡು ಜಡೆಯವಳು, ಗಾಳಿಯಲ್ಲಿ ಸಿಕ್ಕ ಗರಿಯಂತೆ ಕೈಗೆ ಬಂದು ಬಂದು ಜಾರುತ್ತಿದ್ದಳು. ಚೈತ್ರಾ ಅವಳ ಬೆನ್ನಿಗೆ ಬಿದ್ದು, ಇನ್ನೇನು ಬೆರಳು ತಾಗಬೇಕು, ಅಷ್ಟರಲ್ಲಿ ತಡೆದು ನಿಂತಳು. ಅರ್ಧ ಆಟ ಮುಗಿದಾಗ ನಾವು ಹಿಂದಿದ್ದೆವು. ಕೊನೆಯ ಸರದಿಯಲ್ಲಿ ನಾವು ಬೆನ್ನಟ್ಟಬೇಕು. ಅಂಕಗಳ ಅಂತರ ತೀರಾ ದೊಡ್ಡದಲ್ಲ, ಸಮಯವೂ ಹೆಚ್ಚಿಲ್ಲ. ಮತ್ತೆ ಅದೇ ಎರಡು ಜಡೆ, ಮತ್ತೆ ಅದೇ ಬೆನ್ನಟ್ಟು, ಮತ್ತೆ ನನ್ನ ಮಗಳ ಕಾಲು ಗೆರೆಯ ಬಳಿ ಗಕ್ಕನೆ ನಿಂತಿತು. ಪಿ.ಟಿ. ಟೀಚರ್ ಹಣೆ ಚಚ್ಚಿಕೊಂಡರು. ಚೈತ್ರಾ ಇನ್ನೊಬ್ಬಳಿಗೆ ಖೋ ಕೊಟ್ಟು ಅವಳ ಜಾಗದಲ್ಲಿ ಕೂತಳು.

ಆಗಲೇ ಪಕ್ಕದಲ್ಲಿ ಪಚಕ್ಕೆಂದು ಸದ್ದಾಯಿತು. ತಿರುಗಿ ನೋಡಿದರೆ ಮಾವ ನಿಂತಲ್ಲಿ ಇಲ್ಲ. ಪಾರ್ಕಿನ ಬೆಂಚಿಗೂ ಕರವಸ್ತ್ರ ಹಾಸುವ ನನ್ನ ಮಾವ, ಅಚ್ಚ ಬಿಳಿಯ ಪಂಚೆಯಲ್ಲಿ, ಕೆಂಪು ಕೆಸರಿನ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಕಾಲು ಜಾರಿತೇನೋ ಎಂದು ನಾನು ಬಾಗಿದರೆ ಕೈ ಅಡ್ಡ ಹಿಡಿದು ತಡೆದರು. ಎರಡೂ ಅಂಗೈಯಲ್ಲಿ ಕೆಸರು ಬಾಚಿ ಅಂಗಿಯ ಎದೆಗೆ ಒತ್ತಿಕೊಂಡರು. ಕಾರ್ಖಾನೆಯ ಯಂತ್ರಗಳ ಗದ್ದಲವನ್ನು ಮೀರಿ ಮಾತಾಡಿ ಅಭ್ಯಾಸವಿದ್ದ ಆ ಕಂಠ ಮೈದಾನದ ಉದ್ದಕ್ಕೂ ಕೇಳಿತು:

“ಏಯ್ ಚೈತ್ರಾ! ನೋಡಿಲ್ಲಿ! ನಂದೂ ಆಯ್ತು! ಇಬ್ಬರೂ ಸೇರಿ ಒಗೆಯೋಣ ಕಣೇ! ಬೀಳೇ! ಬೀಳು!”

ನಡುವಿನ ಸಾಲಿನಲ್ಲಿ ಖೋ ಸಿಗುವುದನ್ನು ಕಾಯುತ್ತ ಕೂತಿದ್ದ ನನ್ನ ಮಗಳು ತಿರುಗಿ ನೋಡಿದಳು. ಅವಳ ಬಾಯಿ ತೆರೆದುಕೊಂಡಿತು, ಆಮೇಲೆ ಮುಖವೆಲ್ಲ ನಗುವಾಯಿತು. ಅಷ್ಟರಲ್ಲಿ ಬೆನ್ನಿಗೆ ಏಟು ಬಿತ್ತು: “ಖೋ!”

ಎದ್ದಳು. ಎರಡು ಜಡೆ ಕಂಬದ ಕಡೆಗೆ ಹಾರಿತು. ಇವಳು ಹಿಂದೆ. ಒಂದು ಮಾರು, ಅರ್ಧ ಮಾರು, ತೋಳಿನಷ್ಟು ದೂರ. ಇನ್ನೇನು ತಪ್ಪಿತು ಎನ್ನುವಾಗ ಚೈತ್ರಾಳ ಕಾಲುಗಳು ನೆಲ ಬಿಟ್ಟವು. ನನಗೆ ಕಂಡದ್ದು ಗಾಳಿಯಲ್ಲಿ ಅಡ್ಡಲಾಗಿ ತೇಲಿದ ಒಂದು ಬಿಳಿ ಗೆರೆ ಮಾತ್ರ. ಕೆಸರು ಇಬ್ಭಾಗವಾಗಿ ಎರಡೂ ಕಡೆಗೆ ಚಿಮ್ಮಿತು. ಚಾಚಿದ ಬೆರಳು ಎದುರಾಳಿಯ ಹಿಮ್ಮಡಿಯನ್ನು ಮುಟ್ಟಿತ್ತು. ಸೀಟಿ ಮೊಳಗಿತು. ನಾನು ಆಗಷ್ಟೇ ಕೂಡಿದ ಮೂಳೆಯ ಕೈಯನ್ನೂ ಮರೆತು ಚಪ್ಪಾಳೆ ತಟ್ಟಿ, ನೋವಿಗೆ ಕಿರುಚಿ, ಆ ಕಿರುಚಾಟವನ್ನೇ ಜಯಕಾರವನ್ನಾಗಿಸಿಕೊಂಡೆ. ಆಮೇಲೆ ಅವಳನ್ನು ಹಿಡಿಯುವವರಿರಲಿಲ್ಲ. ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಅವಳನ್ನು ನೋಡಿ ಉಳಿದ ಹುಡುಗಿಯರಿಗೂ ಹುಚ್ಚು ಹಿಡಿದು ಇಡೀ ತಂಡವೇ ಕೆಂಪಾಯಿತು. ಕೊನೆಯ ಸೀಟಿ ಊದುವಾಗ ನಾವು ಒಂದೇ ಒಂದು ಅಂಕ ಮುಂದಿದ್ದೆವು.

ಗೆದ್ದ ಹುಡುಗಿಯರು ಓಡಿಬಂದದ್ದು ಮಾವನ ಕಡೆಗೆ. ಕೂತದ್ದೇನೋ ಸರಿ, ಏಳಲು ಬರುತ್ತಿರಲಿಲ್ಲ ಅವರಿಗೆ. ಹುಡುಗಿಯರೆಲ್ಲ ಸುತ್ತುವರಿದು ತೋಳು ಹಿಡಿದು “ಒಂದ್, ಎರಡ್, ಮೂರ್” ಎಂದು ಎತ್ತಿದರು. “ಮೆಲ್ಲಗೆ ಕಣ್ರೇ, ಹಳೇ ಮಾಡೆಲ್ಲು!” ಎಂದು ಅವರು ಕೂಗುತ್ತಿದ್ದರು. ಬಸ್ಸಿನಲ್ಲಿ ಕಂಡಕ್ಟರ್ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, “ಏನ್ ಸಾರ್, ಬಿದ್ಬಿಟ್ರಾ?” ಎಂದು ಮರುಗಿದ. ಮಾವ ಬಹಳ ಗಂಭೀರವಾಗಿ, “ಹೌದಪ್ಪ, ಗೆದ್ವಿ,” ಎಂದರು. ಸೀಟಿದ್ದರೂ ಕೂರದೆ, ಕೆಸರಾದ ಆ ಇಬ್ಬರೂ ಒಂದೇ ಕಂಬಿ ಹಿಡಿದು ಪೀಣ್ಯದವರೆಗೆ ಆಟವನ್ನು ಮತ್ತೆ ಮೊದಲಿನಿಂದ ಆಡಿದರು.

ಭಾನುವಾರ ಬೆಳಿಗ್ಗೆ ಕಾವೇರಿ ನೀರು ಬಂತು. ನಾನು ತಾರಸಿಗೆ ಹೋಗುವಷ್ಟರಲ್ಲಿ ಚೈತ್ರಾ ಲಂಗ ಎತ್ತಿ ಕಟ್ಟಿಕೊಂಡು ಕಲ್ಲಿನ ಮುಂದೆ ನಿಂತಿದ್ದಳು. ತನ್ನ ಬಟ್ಟೆಯನ್ನು ತಾನೇ ಒಗೆದು ಹಿಂಡಿಟ್ಟಿದ್ದಳು. ಎದೆಯ ಬಳಿ ತಿಳಿಯಾದ ಒಂದು ಕೆಂಪು ಛಾಯೆ ಉಳಿದಿತ್ತು, ಅದರ ಬಗ್ಗೆ ಯಾರೂ ಮಾತೆತ್ತಲಿಲ್ಲ. ಮಾವ ಕುರ್ಚಿಯಲ್ಲಿ ಕೂತು ಆಜ್ಞೆ ಕೊಡುತ್ತಿದ್ದರು. ಅವಳು ಅವರ ಪಂಚೆಯನ್ನು ಜಾಲಿಸಿ ಮೇಲೆತ್ತಿದಳು. ಪಂಚೆ ಹಿಂಡಲು ಇಬ್ಬರು ಬೇಕಲ್ಲ. ನಾನು ಮುಂದೆ ಬಂದರೆ, “ನಿನ್ನ ಕೈ ಇನ್ನೂ ಗಟ್ಟಿಯಾಗಿಲ್ಲ, ಅಲ್ಲೇ ನಿಂತ್ಕೋ ಅಮ್ಮ,” ಎಂದು ಗದರಿದಳು. ಮಾವ ಎದ್ದು ಇನ್ನೊಂದು ತುದಿ ಹಿಡಿದರು. ತಾತ ಬಲಕ್ಕೆ, ಮೊಮ್ಮಗಳು ಎಡಕ್ಕೆ, ಪಂಚೆ ಹಗ್ಗದಂತೆ ಹುರಿಗೊಂಡು ನೀರು ಧಾರೆಯಾಗಿ ಸುರಿಯಿತು. ಅವಳು ಇನ್ನೊಂದು ಸುತ್ತು ತಿರುವಿ, ಹಿಮ್ಮಡಿ ಊರಿ, ಶಕ್ತಿಯೆಲ್ಲ ಬಿಟ್ಟು ಎಳೆದಳು. ಮಾವ ತಡೆಯಲಾಗದೆ ಒಂದು ಹೆಜ್ಜೆ, ಮತ್ತೊಂದು ಹೆಜ್ಜೆ ಮುಂದಕ್ಕೆ ಬಂದರು.

“ಸಾಕು ಕಣೇ, ಸಾಕು! ಹರಿದೋಗತ್ತೆ!” ಎಂದು ಅವರು ನಗುತ್ತ ಕೂಗಿದರೂ, ಅವಳು ಬಿಡಲಿಲ್ಲ.